ಬಂಡಿಗೆ ಜ್ವರ ಬಂದಾಗ

ಮಂಗಳೂರಿನಿಂದ ಹಾಸನಕ್ಕೆ ಬರುವ ಹೆದ್ದಾರಿಯಲ್ಲಿ ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಏರುವಾಗ, ಬಾನೆಟ್ಟು ತೆರೆದು ರಸ್ತೆಯ ಪಕ್ಕದಲ್ಲಿ ನಿಂತ ಹಳೆಯ ಪಿಕಪ್ ವಾಹನವೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಹಿಂದೆ ಮೀನಿನ ಪೆಟ್ಟಿಗೆಗಳ ರಾಶಿ. ಮುಂದೆ ಬುಸುಗುಟ್ಟುವ ಹಬೆ. ನೀರಿನ ಕ್ಯಾನು ಹಿಡಿದ ಚಾಲಕನು ಏನು ಮಾಡಲೂ ತೋಚದೆ ನಿಂತಿರುತ್ತಾನೆ. ಹಾದುಹೋಗುವ ಕಾರಿನ ಕಿಟಕಿಯಿಂದ ಇಣುಕುವ ಮಕ್ಕಳಿಗೆ ಅದೊಂದು ತಮಾಷೆ. ಆತನಿಗಾದರೋ ಅಂದಿನ ಬಾಡಿಗೆಯ ಚಿಂತೆ, ಮಂಜುಗಡ್ಡೆ ಕರಗುವುದರೊಳಗೆ ಸರಕು ಊರು ಮುಟ್ಟಬೇಕೆಂಬ ಚಿಂತೆ, ಎಲ್ಲಕ್ಕಿಂತ ಮಿಗಿಲಾಗಿ ಇನ್ನೂ ಕೆಲವು ವರ್ಷ ಸಂಸಾರವನ್ನು ಎಳೆಯಬೇಕಾಗಿರುವ ಆ ಇಂಜಿನ್ನಿನ ಚಿಂತೆ.

ಇಂಜಿನ್ನಿನ ಕಾವನ್ನು ಮನುಷ್ಯನ ಜ್ವರಕ್ಕೆ ಹೋಲಿಸಬಹುದು. ಅನುಭವಿಯಾದ ವೈದ್ಯನು ಜ್ವರ ಎಷ್ಟಿದೆಯೆಂದು ನೋಡುವುದರ ಜೊತೆಗೆ, ಯಾವ ಹೊತ್ತಿನಲ್ಲಿ ಬರುತ್ತದೆ, ಚಳಿಯಿಟ್ಟು ಬರುತ್ತದೆಯೇ ಎಂದೂ ವಿಚಾರಿಸುತ್ತಾನೆ. ಬಲ್ಲ ಮೆಕ್ಯಾನಿಕ್ಕನ ಮೊದಲ ಪ್ರಶ್ನೆಯೂ ಅಂಥದೇ: “ಬಿಸಿಯಾಗುವುದು ಯಾವಾಗ?” ಇದನ್ನು ಕೇಳದೆ ಇಂದು ರೇಡಿಯೇಟರು, ನಾಳೆ ಪಂಪು, ನಾಡಿದ್ದು ಫ್ಯಾನು ಎಂದು ಬದಲಾಯಿಸುತ್ತ ಹೋಗುವವನು ಮಾಲೀಕನ ಹಣದಿಂದ ಜೂಜಾಡುತ್ತಾನೆ.

ಸಿಲಿಂಡರಿನೊಳಗೆ ಇಂಧನವು ಉರಿಯುವಾಗ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಈ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಬಂಡಿಯನ್ನು ಎಳೆಯಲು ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಹೊತ್ತು ಹೊರಹಾಕುವ ಹೊಣೆ ನೀರಿನದು. ಪಂಪು ಆ ನೀರನ್ನು ಇಂಜಿನ್ನಿನ ಮೈಯೊಳಗಿನ ದಾರಿಗಳಲ್ಲಿ ಸುತ್ತಿಸಿ ರೇಡಿಯೇಟರಿಗೆ ತಳ್ಳುತ್ತದೆ. ಅಲ್ಲಿ ಗಾಳಿಯು ಅದರ ಕಾವನ್ನು ಕಸಿದುಕೊಳ್ಳುತ್ತದೆ. 1901ರ ಮರ್ಸಿಡಿಸ್ ಕಾರಿಗಾಗಿ ವಿಲ್ಹೆಲ್ಮ್ ಮೇಬ್ಯಾಕ್ ರಚಿಸಿದ ಜೇನುಗೂಡಿನಂಥ ರೇಡಿಯೇಟರಿನಲ್ಲಿ 8070 ಪುಟ್ಟ ಕೊಳವೆಗಳಿದ್ದುವು. ಅಲ್ಲಿಂದೀಚೆಗೆ ಆಕಾರ, ಲೋಹ ಎರಡೂ ಬದಲಾಗಿವೆ. ತತ್ವ ಮಾತ್ರ ಅದೇ.

ರೇಡಿಯೇಟರಿನ ಮುಚ್ಚಳದ ಗುಟ್ಟನ್ನು ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಯ ಪ್ರೆಷರ್ ಕುಕ್ಕರಿನದೂ ಅದೇ ನಿಯಮ. ಒತ್ತಡವು ಚದರ ಅಂಗುಲಕ್ಕೆ 15 ಪೌಂಡಿನಷ್ಟು ಹೆಚ್ಚಿದರೆ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರು ಹಳತಾಗಿ ಒತ್ತಡ ಸೋರಿತೆಂದರೆ, ಸುಸ್ಥಿತಿಯಲ್ಲಿರುವ ಇಂಜಿನ್ನೂ ಏರಿನಲ್ಲಿ ಉಕ್ಕಬಹುದು. ಅಗ್ಗದ ಈ ಮುಚ್ಚಳವನ್ನು ಪರೀಕ್ಷಿಸದೆಯೇ ಎಷ್ಟೋ ದುಬಾರಿ ರಿಪೇರಿಗಳು ನಡೆದುಹೋಗುತ್ತವೆ! ಆದರೆ ಕುದಿಯುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದು ಪ್ರಾಣಾಪಾಯದ ಕೆಲಸ. ಒತ್ತಡ ಬಿಟ್ಟೊಡನೆ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಚಿಮ್ಮಿ ಮುಖ ಕೈಗಳನ್ನು ಬೇಯಿಸಿಬಿಡುತ್ತದೆ. ಇಂಜಿನ್ನನ್ನು ನಿಲ್ಲಿಸಿ, ಮುಟ್ಟಿದರೆ ಸುಡದಷ್ಟು ಆರುವವರೆಗೆ ಕಾಯಲೇಬೇಕು. ಕಾದ ಲೋಹದ ಮೇಲೆ ತಣ್ಣೀರು ಸುರಿಯುವುದೂ ಸಲ್ಲದು. ಸಿಲಿಂಡರ್ ಹೆಡ್ಡು ಬಿರುಕು ಬಿಟ್ಟೀತು.

ಇನ್ನು ಆ ಮೊದಲ ಪ್ರಶ್ನೆ. ಊರೊಳಗಿನ ಸಿಗ್ನಲ್ಲುಗಳಲ್ಲಿ ನಿಂತಾಗ ಮುಳ್ಳು ಏರಿ, ಬಂಡಿ ಓಡತೊಡಗಿದೊಡನೆ ಇಳಿಯುವುದಾದರೆ ಕೊರತೆಯಿರುವುದು ಗಾಳಿಯಲ್ಲಿ. ಓಟದಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನೇ ಗತಿ. ಬೆಲ್ಟು ಸಡಿಲವಾಗಿರಬಹುದು, ಫ್ಯಾನಿನ ಕ್ಲಚ್ಚು ಸೋತಿರಬಹುದು, ಇಲ್ಲವೆ ಫ್ಯಾನಿನ ಸುತ್ತಲಿನ ಆವರಣವನ್ನು ಯಾರೋ ಬಿಚ್ಚಿ ಮತ್ತೆ ಹಾಕದೆ ಬಿಟ್ಟಿರಬಹುದು. ಇದಕ್ಕೆ ತಿರುಗುಮುರುಗಾಗಿ, ಪೇಟೆಯಲ್ಲಿ ತಣ್ಣಗಿದ್ದ ಬಂಡಿ ಹೊರೆ ಹೊತ್ತು ಏರು ಹತ್ತುವಾಗ ಮಾತ್ರ ಕಾದರೆ ಸಂಶಯ ರೇಡಿಯೇಟರಿನ ಮೇಲೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಬಚ್ಚಲಮನೆಯ ಹಂಡೆಯೊಳಗೆ ಬಿಳಿಯ ಪದರು ಕಟ್ಟುವುದನ್ನು ನೋಡದವರಾರು? ಅದೇ ನೀರನ್ನು ವರ್ಷಗಟ್ಟಲೆ ಸುರಿದ ರೇಡಿಯೇಟರಿನ ಕೊಳವೆಗಳಲ್ಲಿಯೂ ಅದೇ ಪದರು. ದೂರದಿಂದಲೇ ಉಷ್ಣತೆ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರು ಈಗ ಸುಲಭವಾಗಿ ದೊರೆಯುತ್ತದೆ. ಬಿಸಿಯಾದ ರೇಡಿಯೇಟರಿನ ಮೈಮೇಲೆ ಅದನ್ನು ಹಾಯಿಸಿದಾಗ ನಡುವೆ ಎಲ್ಲಿಯಾದರೂ ತಣ್ಣನೆಯ ಜಾಗ ಸಿಕ್ಕಿದರೆ ಅಲ್ಲಿಗೆ ನೀರು ಹರಿಯುತ್ತಿಲ್ಲವೆಂದೇ ಅರ್ಥ. ಇಂಜಿನ್ನು ನಿಜವಾಗಿ ಬಿಸಿಯಾಗಿದೆಯೋ ಅಥವಾ ಡ್ಯಾಶ್‌ಬೋರ್ಡಿನ ಮುಳ್ಳು ಸುಳ್ಳು ಹೇಳುತ್ತಿದೆಯೋ ಎಂಬುದೂ ಇದರಿಂದಲೇ ತಿಳಿಯುತ್ತದೆ. ಹಳೆಯ ಬಂಡಿಗಳಲ್ಲಿ ಮುಳ್ಳಿನ ಮಾತನ್ನು ಪೂರ್ತಿ ನಂಬುವಂತಿಲ್ಲ.

ಬೆಳಿಗ್ಗೆ ಹೊರಟ ಕೆಲವೇ ನಿಮಿಷಗಳಲ್ಲಿ ಕಾವು ವಿಪರೀತ ಏರುವುದಾದರೆ ನೀರು ಕಡಿಮೆಯಿರಬೇಕು, ಇಲ್ಲವೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರಬೇಕು. ಮೇಣ ತುಂಬಿದ ಈ ಪುಟ್ಟ ಬಾಗಿಲು ನೀರು ಸುಮಾರು 80–85 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗುವುದರಿಂದ ತೆರೆದುಕೊಂಡು, ರೇಡಿಯೇಟರಿಗೆ ದಾರಿ ಬಿಡುತ್ತದೆ. “ನಮ್ಮದು ಸೆಕೆಯ ದೇಶ, ಇದೇಕೆ ಬೇಕು?” ಎಂದು ಅದನ್ನು ಕಿತ್ತೆಸೆಯುವ ಪರಿಪಾಠ ನಮ್ಮ ಅನೇಕ ಗ್ಯಾರೇಜುಗಳಲ್ಲಿದೆ. ಇದಕ್ಕಿಂತ ತಪ್ಪಾದ ಉಪಚಾರ ಬೇರಿಲ್ಲ. ತಕ್ಕಷ್ಟು ಬಿಸಿಯಾಗದ ಇಂಜಿನ್ನು ಇಂಧನವನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಅಷ್ಟೇ ಅಲ್ಲ, ಕೆಲವು ಇಂಜಿನ್ನುಗಳಲ್ಲಿ ಬಾಗಿಲು ತೆರೆದಾಗ ಅಡ್ಡದಾರಿಯೊಂದನ್ನು ಮುಚ್ಚುವ ಕೆಲಸವೂ ಈ ಥರ್ಮೋಸ್ಟಾಟಿನದೇ. ಅದಿಲ್ಲದಿದ್ದರೆ ನೀರಿನ ಒಂದು ಭಾಗ ರೇಡಿಯೇಟರಿನತ್ತ ಸುಳಿಯದೆ ಒಳಗೊಳಗೇ ಸುತ್ತಿ, ತಂಪಾಗಲೆಂದು ಮಾಡಿದ ಉಪಾಯವೇ ಕಾವನ್ನು ಹೆಚ್ಚಿಸುತ್ತದೆ. ಪರೀಕ್ಷೆಯೇನೋ ಮನೆಯಲ್ಲಿಯೇ ಸಾಧ್ಯ: ಅಡಿಗೆಗೆ ಬೇಡವಾದ ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರೆ ನೀರು ಕುದಿಯುವ ಮುನ್ನವೇ ಅದು ಬಾಯಿ ತೆರೆಯಬೇಕು.

ಎಲ್ಲಿಯೂ ಸೋರಿಕೆ ಕಾಣದೆ ನೀರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಮಾತ್ರ ಪ್ರಕರಣ ಗಂಭೀರ. ಸಿಲಿಂಡರ್ ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವಿರುವ ಗ್ಯಾಸ್ಕೆಟ್ಟು ಸುಟ್ಟಿರಬಹುದು. ತಣ್ಣಗಿರುವಾಗ ಮುಚ್ಚಳ ತೆಗೆದು ಇಂಜಿನ್ನು ಚಾಲೂ ಮಾಡಿದರೆ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತವೆ, ಹೊಗೆ ಬೆಳ್ಳಗಿರುತ್ತದೆ, ಕೆಲವೊಮ್ಮೆ ಎಣ್ಣೆಯು ಮಜ್ಜಿಗೆ ಬೆರೆಸಿದಂತೆ ಬಿಳಿಚಿಕೊಂಡಿರುತ್ತದೆ. ಸಂದೇಹ ಪರಿಹಾರಕ್ಕೆ ರಾಸಾಯನಿಕ ಪರೀಕ್ಷೆಯೂ ಉಂಟು: ರೇಡಿಯೇಟರಿನ ಬಾಯಿಯಿಂದ ಹೊರಡುವ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಹಾಯಿಸಿದಾಗ, ಸಿಲಿಂಡರಿನ ಅನಿಲ ಬೆರೆತಿದ್ದರೆ ದ್ರವದ ಬಣ್ಣ ತಿರುಗುತ್ತದೆ.

ಇಂಥಲ್ಲಿ ಗ್ಯಾಸ್ಕೆಟ್ಟೊಂದನ್ನೇ ಬದಲಾಯಿಸಿದರೆ ಸಾಲದು. ಕಾವಿಗೆ ಹೆಡ್ಡು ಬಾಗಿದೆಯೇ ಎಂದು ಅಳೆದು, ಬಾಗಿದ್ದರೆ ಯಂತ್ರದಲ್ಲಿ ಸಮತಟ್ಟು ಮಾಡಿಸಬೇಕು. ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಹೆಡ್ಡು ಮರಳಿ ಬರುವವರೆಗಿನ ಬಿಡುವಿನಲ್ಲಿ ಮುಚ್ಚಳ, ಫ್ಯಾನು, ರೇಡಿಯೇಟರುಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು. ಗ್ಯಾಸ್ಕೆಟ್ಟನ್ನು ಸುಟ್ಟ ಮೊದಲ ಕಾವು ಇವುಗಳಲ್ಲಿ ಯಾವುದೋ ಒಂದರಿಂದ ಬಂದಿರುವ ಸಂಭವವೇ ಹೆಚ್ಚು.