ನಿಷೇಧಾಧಿಕಾರಕ್ಕೆ ಮಿತಿಯುಂಟೆ?

ಜಾನಪದ ವಿಶ್ವವಿದ್ಯಾಲಯವಿರುವ ಗೊಟಗೋಡಿಯ ಸುತ್ತಣ ಸೀಮೆಗೆ ದೊಡ್ಡಾಟ, ಸಣ್ಣಾಟಗಳು ಹೊಸವಲ್ಲ. ರಾಕ್ಷಸನ ವೇಷ ಕಟ್ಟಿದವನು ರಂಗವೇರಿದ ಮೇಲೆ ರಾಕ್ಷಸನ ಪಕ್ಷವನ್ನೇ ಬಿರುಸಾಗಿ ವಾದಿಸಬೇಕು. ಇಲ್ಲವಾದರೆ ಆಟ ಕೆಡುವುದು. ಶಾಲೆ ಕಾಲೇಜುಗಳಲ್ಲಿ ನಡೆಯುವ ಮಾದರಿ ವಿಶ್ವಸಂಸ್ಥೆಯ ನಿಯಮವೂ ಇದೇ. ಪಾಲಿಗೆ ಬಂದ ದೇಶದ ಪೀಠದಲ್ಲಿ ಕುಳಿತ ವಿದ್ಯಾರ್ಥಿಯು ಆ ದೇಶದ ಮಾತನ್ನೇ ಆಡಬೇಕು. ಅಲ್ಲಿ ಬಿಸಿಯೇರಿಸುವ ಪ್ರಶ್ನೆಯೊಂದುಂಟು: ನಿಷೇಧಾಧಿಕಾರಕ್ಕೆ, ಎಂದರೆ ವೀಟೋಗೆ, ಮಿತಿ ಹಾಕಬೇಕೆ?

ಮೊದಲು ಅದರ ಲೆಕ್ಕವನ್ನು ನೋಡೋಣ. ಭದ್ರತಾ ಮಂಡಳಿಯ ಸದಸ್ಯರು 15. ನಿರ್ಣಯಕ್ಕೆ 9 ಮತಗಳು ಬೇಕು. ಆದರೆ ಅಮೆರಿಕ, ರಷ್ಯ, ಬ್ರಿಟನ್, ಫ್ರಾನ್ಸ್, ಚೀನ ಈ ಐದು ಕಾಯಂ ಸದಸ್ಯರಲ್ಲಿ ಒಬ್ಬರು ವಿರೋಧಿಸಿದರೂ, ಉಳಿದ 14 ಕೈಗಳು ಮೇಲೆದ್ದರೂ, ನಿರ್ಣಯ ಬೀಳುತ್ತದೆ. ಸಭೆ ನಡೆಸುವ ಕ್ರಮದ ವಿಷಯಗಳಿಗೆ ಮಾತ್ರ ಈ ಅಧಿಕಾರ ಸಲ್ಲದು. ತಟಸ್ಥವಾಗಿ ಉಳಿಯುವುದನ್ನು ವಿರೋಧವೆಂದು ಎಣಿಸುವುದಿಲ್ಲ.

ಗೈರುಹಾಜರಿಯ ಮಾತೇನು? ಇದಕ್ಕೆ ಉತ್ತರ ದೊರೆತ ದಿನ ಅಧ್ಯಕ್ಷ ಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಅವರು 1950ರ ಜೂನ್ ತಿಂಗಳಲ್ಲಿ ಮಂಡಳಿಯ ಅಧ್ಯಕ್ಷರಾಗಿದ್ದರು. ಜೂನ್ 25ರಂದು ಕೊರಿಯದಲ್ಲಿ ಯುದ್ಧ ಹೊತ್ತಿತು. ಜನತಾ ಚೀನಕ್ಕೆ ಪೀಠ ಕೊಡಲಿಲ್ಲವೆಂದು ರಷ್ಯವು ಜನವರಿಯಿಂದಲೇ ಸಭೆಯನ್ನು ಬಹಿಷ್ಕರಿಸಿತ್ತು. ಅಂದು ಮಂಡಳಿಯಲ್ಲಿದ್ದುದು 11 ಸದಸ್ಯರು. ಹೋರಾಟ ನಿಲ್ಲಿಸಬೇಕೆಂಬ ನಿರ್ಣಯಕ್ಕೆ 9 ಮತಗಳು ಬಂದವು, ಯುಗೊಸ್ಲಾವಿಯ ತಟಸ್ಥವಾಯಿತು. ಖಾಲಿ ಕುರ್ಚಿಗೆ ನಿಷೇಧಾಧಿಕಾರವಿಲ್ಲವೆಂದಾಯಿತು.

ಆಗಸ್ಟ್ 1ರಂದು ರಷ್ಯ ಮರಳಿದೊಡನೆ ಮಂಡಳಿಯ ಕೈ ಕಟ್ಟಿತು. ಆಗ ಬೇರೊಂದು ದಾರಿಯನ್ನು ತೆರೆದರು. ನಿಷೇಧಾಧಿಕಾರದಿಂದ ಮಂಡಳಿ ಸ್ತಬ್ಧವಾದರೆ ವಿಷಯವನ್ನು ಮಹಾಸಭೆಯೇ ಎತ್ತಿಕೊಳ್ಳಬಹುದೆಂದು 1950ರ ನವೆಂಬರ್ 3ರಂದು ಗೊತ್ತುಪಡಿಸಿದರು. ಪರವಾಗಿ 52, ವಿರುದ್ಧವಾಗಿ 5 ಮತಗಳು. ತಟಸ್ಥವಾದ ಎರಡು ದೇಶಗಳಲ್ಲಿ ಭಾರತವೂ ಒಂದು.

ಮುಂದಿನ ಇತಿಹಾಸವು ಈ ಪ್ರಶ್ನೆಯನ್ನು ನಮ್ಮ ಮನೆಬಾಗಿಲಿಗೇ ತಂದಿತು. 1961ರ ಡಿಸೆಂಬರಿನಲ್ಲಿ ನಮ್ಮ ಸೇನೆ ಸಹ್ಯಾದ್ರಿಯಾಚೆಯ ಗೋವೆಯನ್ನು ಹೊಕ್ಕಾಗ, ಅದು ಹಿಂದೆಗೆಯಬೇಕೆಂಬ ನಿರ್ಣಯಕ್ಕೆ ಬೇಕಾದ 7 ಮತಗಳೂ ಬಿದ್ದಿದ್ದವು. ಅದನ್ನು ತಡೆದುದು ರಷ್ಯದ ನಿಷೇಧಾಧಿಕಾರ. 1971ರಲ್ಲಿ ಬಾಂಗ್ಲಾ ಯುದ್ಧದ ವೇಳೆಯಲ್ಲಿಯೂ ರಷ್ಯ ಹಾಗೆಯೇ ತಡೆಯಿತು. ಆಗ 1950ರ ದಾರಿಯನ್ನೇ ಹಿಡಿದು ವಿಷಯ ಮಹಾಸಭೆಗೆ ಹೋಯಿತು. ಅಲ್ಲಿ ಯುದ್ಧ ನಿಲ್ಲಿಸಿ ಸೇನೆಗಳನ್ನು ಹಿಂದೆಗೆಯಬೇಕೆಂಬ ನಿರ್ಣಯದ ಪರವಾಗಿ 104, ವಿರುದ್ಧವಾಗಿ 11 ಮತಗಳು ಬಂದವು. ಆದರೆ ಮಹಾಸಭೆಯ ಮಾತು ಶಿಫಾರಸು ಮಾತ್ರ, ಆಜ್ಞೆಯಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು.

ಹಾಗಾದರೆ ಈ ಅಧಿಕಾರವನ್ನೇ ಕಿತ್ತುಹಾಕಬಾರದೇಕೆ? ಸನ್ನದಿನ 108ನೆಯ ವಿಧಿಯಂತೆ ತಿದ್ದುಪಡಿಗೆ ಆ ಐವರ ಒಪ್ಪಿಗೆಯೂ ಬೇಕು: ಬೀಗದ ಕೈ ಬೀಗದೊಳಗೇ ಇದೆ. ಆದುದರಿಂದ ಸುಧಾರಕರು ಸನ್ನದನ್ನು ಮುಟ್ಟದ ಮಿತಿಗಳನ್ನು ಹುಡುಕುತ್ತಾರೆ. ಸಾಮೂಹಿಕ ಹತ್ಯೆಯ ಸಂದರ್ಭದಲ್ಲಿ ಕಾಯಂ ಸದಸ್ಯರು ತಾವಾಗಿಯೇ ಈ ಅಧಿಕಾರವನ್ನು ಬಳಸದಿರಲೆಂದು ಫ್ರಾನ್ಸ್ ಮತ್ತು ಮೆಕ್ಸಿಕೊ 2015ರಲ್ಲಿ ಕರೆಯಿತ್ತವು. ಯಾವುದೇ ಸದಸ್ಯ ನಿಷೇಧಾಧಿಕಾರವನ್ನು ಚಲಾಯಿಸಿದರೆ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಚರ್ಚಿಸಬೇಕೆಂದು 2022ರ ಏಪ್ರಿಲ್ 26ರಂದು ನಿಶ್ಚಯವಾಯಿತು. ಇದು ಕೈಯನ್ನು ಹಿಡಿಯುವುದಿಲ್ಲ. ಎತ್ತಿದ ಕೈಗೆ ಕಾರಣವನ್ನು ಕೇಳುತ್ತದೆ.

ವಿಜ್ಞಾನದಲ್ಲಿ ತನಗೆ ಅನುಕೂಲವಾದ ಪ್ರಯೋಗವನ್ನಷ್ಟೇ ಎಣಿಸುವವನನ್ನು ನಾವು ನಂಬುವುದಿಲ್ಲ. ಇಲ್ಲಿಯೂ ಅಷ್ಟೇ. ಮಾದರಿ ಸಭೆಯಲ್ಲಿ ಮಿತಿಯೊಂದನ್ನು ಸೂಚಿಸುವ ವಿದ್ಯಾರ್ಥಿಯು ಅದನ್ನು ಅನ್ಯರ ಯುದ್ಧಗಳಿಗೆ ಒಡ್ಡಿ ನೋಡಿದರೆ ಸಾಲದು. 1961ಕ್ಕೂ 1971ಕ್ಕೂ ಒಡ್ಡಿ ನೋಡಬೇಕು. ಆಗಲೂ ನಿಲ್ಲುವ ನಿಯಮವೇ ನ್ಯಾಯದ ನಿಯಮ. ಎದುರು ಪಕ್ಷದ ವೇಷ ಕಟ್ಟಿ ಕಲಿಯಬೇಕಾದ ಪಾಠವೂ ಇದೇ.