ಅಡ್ಡಗೆರೆ ಒಂದು, ಅರ್ಥ ಎರಡು

ಐದರಲ್ಲಿ ಮೂರು ಕಳೆದರೆ ಎರಡು. ಇದನ್ನು ಬರೆಯಲು ನಡುವೆ ಒಂದು ಅಡ್ಡಗೆರೆ ಸಾಕೆಂದು ಶಾಲೆಯ ಮಗುವಿಗೂ ಗೊತ್ತು. ಆದರೆ ಕಂಪ್ಯೂಟರಿನ ಕೀಲಿಮಣೆಯಲ್ಲಿ ಸೊನ್ನೆಯ ಪಕ್ಕದಲ್ಲಿರುವ ಗೆರೆ ಅಪ್ಪಟ ಕಳೆಯುವ ಚಿಹ್ನೆಯಲ್ಲ ಎಂಬುದು ಬಹಳ ಮಂದಿಗೆ ತಿಳಿಯದು.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ ‘ಬ್ರಾಹ್ಮಸ್ಫುಟ ಸಿದ್ಧಾಂತ’ದಲ್ಲಿ ಧನ ಹಾಗೂ ಋಣಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ಹೇಳಿದ. ಋಣವೆಂದರೆ ಸಾಲ. ನಮ್ಮ ಪಠ್ಯಪುಸ್ತಕಗಳ ‘ಋಣ ಸಂಖ್ಯೆ’ ಆ ಪರಂಪರೆಯ ಮಾತೇ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ಪದ್ಧತಿಯಲ್ಲಿ ಋಣ ಸಂಖ್ಯೆಯ ತಲೆಯ ಮೇಲೊಂದು ಚುಕ್ಕೆ ಇರುತ್ತಿತ್ತು. ಇಂದಿನ ಅಡ್ಡಗೆರೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1489ರಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಪ್ರಕಟವಾದ ಯೋಹಾನೆಸ್ ವಿಡ್‌ಮನ್‌ನ ವ್ಯಾಪಾರಿ ಲೆಕ್ಕದ ಪುಸ್ತಕದಲ್ಲಿ.

ಮೊಳೆ ಜೋಡಿಸುವ ಅಚ್ಚುಕೂಟದಲ್ಲಿ ಎರಡು ಪದಗಳನ್ನು ಬೆಸೆಯುವ ಹೈಫನ್ ಬೇರೆ, ಮೈನಸ್ ಬೇರೆ. ಹೈಫನ್ ಗಿಡ್ಡ. ಮೈನಸ್ ಹೆಚ್ಚು ಕಡಿಮೆ ಪ್ಲಸ್ ಚಿಹ್ನೆಯಷ್ಟೇ ಅಗಲ, ಅದರ ಅಡ್ಡಗೆರೆಯ ಎತ್ತರದಲ್ಲೇ ನಿಲ್ಲುತ್ತದೆ. ಟೈಪ್‌ರೈಟರಿನಲ್ಲಿ ಕೀಲಿಗಳಿಗೆ ಜಾಗ ಕಡಿಮೆ. ಹಾಗಾಗಿ ಎರಡಕ್ಕೂ ಒಂದೇ ಕೀಲಿ ಸಾಕೆನ್ನಿಸಿತು.

ಕಂಪ್ಯೂಟರಿಗೆ ಅಕ್ಷರದ ರೂಪ ತಿಳಿಯದು. ಪ್ರತಿಯೊಂದು ಚಿಹ್ನೆಯೂ ಅದಕ್ಕೆ ಒಂದು ಸಂಖ್ಯೆ. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ‘ಆಸ್ಕಿ’ ಸಂಕೇತ ಪಟ್ಟಿಯೂ ಟೈಪ್‌ರೈಟರಿನ ಹಾದಿಯನ್ನೇ ಹಿಡಿದು, ಹೈಫನ್ ಮತ್ತು ಮೈನಸ್ ಎರಡಕ್ಕೂ 45 ಎಂಬ ಒಂದೇ ಸಂಖ್ಯೆ ಕೊಟ್ಟಿತು. 1991ರಲ್ಲಿ ಬಂದ ‘ಯೂನಿಕೋಡ್’ ಈ ಗಂಟನ್ನು ಬಿಡಿಸಿತು. ಅಪ್ಪಟ ಮೈನಸ್‌ಗೆ 8722 ಎಂಬ ಸ್ವಂತ ಸಂಖ್ಯೆ ದೊರೆಯಿತು. ಹಳೆಯ 45 ಕೂಡ ಉಳಿಯಿತು, ಕೀಲಿಮಣೆಯೂ ಬದಲಾಗಲಿಲ್ಲ.

ತೊಡಕು ಇರುವುದು ಇಲ್ಲೇ. ಪೈಥಾನ್‌ನಂತಹ ಕಂಪ್ಯೂಟರ್ ಭಾಷೆಗಳು ಕಳೆಯಲು ಬಳಸುವುದು 45ನ್ನು. ಚೆನ್ನಾಗಿ ಅಚ್ಚು ಹಾಕಿದ ಪುಟದಿಂದ ‘−5’ ಎಂಬುದನ್ನು ಎತ್ತಿ ಅಲ್ಲಿಗೆ ಅಂಟಿಸಿದರೆ, ಅದು ಸಂಖ್ಯೆಯೇ ಅಲ್ಲವೆಂದು ಯಂತ್ರ ತಿರಸ್ಕರಿಸುತ್ತದೆ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಉಂಟು. ದೃಷ್ಟಿಹೀನರಿಗೆ ಪುಟ ಓದಿ ಹೇಳುವ ಕೆಲವು ತಂತ್ರಾಂಶಗಳು 45ರ ಗೆರೆಯನ್ನು ಬರೀ ಹೈಫನ್ ಎಂದು ಬಗೆದು, ಓದದೆ ಮುಂದೆ ಹೋಗುವುದುಂಟು. ಆಗ ಐದು ರೂಪಾಯಿ ಸಾಲ ಕೇಳುಗನ ಕಿವಿಗೆ ಐದು ರೂಪಾಯಿ ಗಳಿಕೆಯಾಗಿ ಬೀಳುತ್ತದೆ.

ಆದ್ದರಿಂದ ಮನುಷ್ಯರು ಓದುವ ಪುಟಕ್ಕೆ 8722, ಯಂತ್ರಕ್ಕೆ ಲೆಕ್ಕ ಒಪ್ಪಿಸುವಾಗ 45 ಎಂಬುದೇ ಸದ್ಯದ ರೂಢಿ. ಕಣ್ಣಿಗೆ ಎರಡೂ ಒಂದೇ ಗೆರೆಯಾದರೂ ಲೆಕ್ಕದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಸಲ್ಲದು.