ಮೇಲಿನ ಯಾವುದೂ ಅಲ್ಲ

ಒಂದು ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಕೊಟ್ಟು, ಸರಿಯಾದುದನ್ನು ಗುರುತಿಸಿರೆಂದು ಕೇಳುವ ಪರೀಕ್ಷೆಗಳುಂಟು. ಕೆಲವೊಮ್ಮೆ ಕಡೆಯ ಉತ್ತರ 'ಮೇಲಿನ ಯಾವುದೂ ಅಲ್ಲ' ಎಂದಿರುತ್ತದೆ. ಅಮೆರಿಕದ ಲೇಖಕಿ ಐ. ಡಬ್ಲ್ಯೂ. ಗ್ರೆಗೋರಿಯೊ 2015ರಲ್ಲಿ ಹೊರತಂದ ತಮ್ಮ ಕಿಶೋರ ಕಾದಂಬರಿಗೆ ಈ ಮಾತನ್ನೇ ಹೆಸರಾಗಿಟ್ಟರು: 'ನನ್ ಆಫ್ ದಿ ಅಬವ್'. ಆಕೆ ವೃತ್ತಿಯಿಂದ ಮೂತ್ರರೋಗಗಳ ಶಸ್ತ್ರವೈದ್ಯೆ. ತರಬೇತಿಯ ದಿನಗಳಲ್ಲಿ ಕಂಡ ರೋಗಿಯೊಬ್ಬಳ ನೆನಪೇ ಈ ಕಥೆಗೆ ಬೀಜವಾಯಿತು.

ಕಥಾನಾಯಕಿ ಕ್ರಿಸ್ಟಿನ್ ಹೈಸ್ಕೂಲಿನ ಕಡೆಯ ವರ್ಷದ ವಿದ್ಯಾರ್ಥಿನಿ, ಹರ್ಡಲ್ಸ್ ಓಟದಲ್ಲಿ ನುರಿತವಳು, ಶಾಲೆಗೆಲ್ಲ ಬೇಕಾದವಳು. ಆದರೆ ಆಕೆ ಇನ್ನೂ ಋತುಮತಿಯಾಗಿರಲಿಲ್ಲ. ವೈದ್ಯರ ಪರೀಕ್ಷೆಯಿಂದ ಹೊರಬಿದ್ದ ಸಂಗತಿಯಿದು: ಅವಳಿಗೆ ಗರ್ಭಕೋಶವಿಲ್ಲ, ದೇಹದೊಳಗೆ ವೃಷಣಗಳಿವೆ, ವರ್ಣತಂತುಗಳು ಸಾಮಾನ್ಯವಾಗಿ ಗಂಡಸರಲ್ಲಿ ಕಾಣುವಂಥವು.

ಇದು ಹೇಗೆ ಸಾಧ್ಯವೆಂದು ಕೇಳುಗರಿಗೆ ಅಚ್ಚರಿಯಾಗಬಹುದು. ಗರ್ಭದಲ್ಲಿ ಮೊದಮೊದಲು ಎಲ್ಲ ಶಿಶುಗಳ ಜನನಾಂಗಗಳೂ ಒಂದೇ ಬಗೆಯಾಗಿರುತ್ತವೆ. ಎಕ್ಸ್-ವೈ ವರ್ಣತಂತುಗಳಿದ್ದಲ್ಲಿ ಸಾಧಾರಣವಾಗಿ ವೃಷಣಗಳು ರೂಪುಗೊಂಡು ಪುರುಷ ಹಾರ್ಮೋನನ್ನು ಸ್ರವಿಸುತ್ತವೆ. ಅದರ ಸಂದೇಶವನ್ನು ಗ್ರಹಿಸುವ ಶಕ್ತಿ ಜೀವಕೋಶಗಳಿಗೆ ಇಲ್ಲವಾದರೆ ಹೊರದೇಹ ಹೆಣ್ಣಾಗಿಯೇ ಬೆಳೆಯುತ್ತದೆ. ಓಲೆಯೇನೋ ಬಂದಿದೆ, ಓದುವವರಿಲ್ಲ ಎಂದಂತೆ. ಹರೆಯದಲ್ಲಿ ಮುಟ್ಟು ಬಾರದಿದ್ದಾಗ ಎಷ್ಟೋ ಸಲ ಇದು ಬೆಳಕಿಗೆ ಬರುತ್ತದೆ. ಹೀಗೆ ಗಂಡು, ಹೆಣ್ಣು ಎಂಬ ಎರಡು ಅಚ್ಚುಗಳಿಗೂ ಪೂರ್ತಿ ಹೊಂದದ ದೇಹಲಕ್ಷಣಗಳೊಡನೆ ಹುಟ್ಟಿದವರನ್ನು ಇಂದು ಅಂತರಲಿಂಗಿಗಳೆಂದು ಕರೆಯುತ್ತಾರೆ.

ಈ ಸಂಗತಿಯನ್ನು ಅರಗಿಸಿಕೊಳ್ಳುವುದೇ ಕ್ರಿಸ್ಟಿನ್‌ಗೆ ಕಷ್ಟ. ಅದಕ್ಕಿಂತ ಕಠಿಣವಾದುದು ಮುಂದೆ ಕಾದಿತ್ತು. ನಂಬಿ ಗೆಳತಿಯರಿಗೆ ಹೇಳಿದ ಗುಟ್ಟು ಶಾಲೆಗೆಲ್ಲ ಹರಡಿತು. ಮೆಚ್ಚಿದವರೇ ಹಂಗಿಸಿದರು, ಒಲಿದವನು ತೊರೆದ. ಆಕೆಯ ದೇಹ ಹುಟ್ಟಿದಂದಿನಿಂದ ಇದ್ದಂತೆಯೇ ಇತ್ತು. ಜನರ ನೋಟ ಮಾತ್ರ ಬದಲಾಯಿತು.

ಇದನ್ನು ದೂರದೇಶದ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗಪರೀಕ್ಷೆಯ ನಂತರ ಆ ಪದಕವನ್ನು ಕಿತ್ತುಕೊಳ್ಳಲಾಯಿತು. ಅವರ ದೇಹದ ವಿಚಾರ ಊರೂರಿನ ಸುದ್ದಿಯಾಯಿತು.

ತನ್ನಂಥವರು ಬೇರೆಯೂ ಇದ್ದಾರೆಂದು ಅರಿತಾಗ ಕ್ರಿಸ್ಟಿನ್ ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಾಳೆ. ತನ್ನ ದೇಹದ ಸತ್ಯವನ್ನು ಯಾರಿಗೆ, ಯಾವಾಗ ಹೇಳಬೇಕೆಂಬ ನಿರ್ಧಾರ ಆಯಾ ವ್ಯಕ್ತಿಗೆ ಸೇರಿದ್ದು. ಅಂಥ ಮಗುವೊಂದು ನಮ್ಮನ್ನು ನಂಬಿ ಬಾಯಿಬಿಟ್ಟರೆ, ಕೇಳಿದ ಮಾತನ್ನು ನಮ್ಮಲ್ಲೇ ಕಾಪಾಡಿಕೊಳ್ಳುವುದು ನಾವು ತೋರಬಹುದಾದ ಮೊದಲ ಸೌಜನ್ಯ.